ಬಿಳಿ ಬೆಲ್ಟಿನ ಮೊದಲ ಸಂಜೆ

(ಶಿವಮೊಗ್ಗದಲ್ಲಿ ಕರಾಟೆಯ ಹೊಸ ತಂಡ ಶುರುವಾದ ದಿನ, ಕಲಿಯಲು ಬಂದವರು ಮತ್ತು ಮಕ್ಕಳ ತಂದೆತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಕಳೆದ ವಾರ ಒಬ್ಬರು ಫೋನ್ ಮಾಡಿದ್ದರು. "ಮೇಡಂ, ನಾನು ಸುಮ್ಮನೆ ನೋಡೋಕೆ ಬರಬಹುದಾ?" ಅಂದರು. ಬನ್ನಿ ಅಂದೆ. ಎರಡು ದಿನ ಬಿಟ್ಟು ಮತ್ತೆ ಅವರದೇ ಫೋನ್. "ಬರುವಾಗ ಎಂತ ಹಾಕ್ಕೊಂಡು ಬರಬೇಕು? ನೋಡೋಕೆ ಮಾತ್ರ ಬರೋದು." ನಿನ್ನೆ ಮೂರನೇ ಸಲ ಮಾಡಿ, "ನನ್ನಷ್ಟು ವಯಸ್ಸಿನವರು ಬೇರೆ ಯಾರಾದ್ರೂ ಇರ್ತಾರಾ?" ಅಂತ ಕೇಳಿದರು. ಅವರು ಈಗ ನಿಮ್ಮ ನಡುವೆಯೇ ಕೂತಿದ್ದಾರೆ, ಯಾರು ಅಂತ ಹೇಳುವುದಿಲ್ಲ. ಆದರೆ ಆ ಮೂರು ಪ್ರಶ್ನೆಗಳನ್ನು ಇನ್ನೊಮ್ಮೆ ನೋಡಿ. ಏಟು ಬೀಳುತ್ತದಾ, ಕೈಕಾಲು ಮುರಿಯುತ್ತದಾ ಅಂತ ಅವರು ಕೇಳಲೇ ಇಲ್ಲ. ನಾಲ್ಕು ಜನರ ಕಣ್ಣಿಗೆ ತಾನು ಹೇಗೆ ಕಾಣಬಹುದು, ಅದೊಂದೇ ಚಿಂತೆ.

ಹೊಸಬರ ಸಾಲಿನ ಮುಂದೆ ನಿಂತು ನನಗೆ ಹನ್ನೊಂದು ವರ್ಷ ಆಯಿತು. ಮೊದಲ ದಿನದ ಅಂಜಿಕೆಯಲ್ಲಿ ಮುಕ್ಕಾಲು ಪಾಲು ಈ ಕಣ್ಣಿನ ಅಂಜಿಕೆಯೇ ಅಂತ ನನಗೆ ಖಚಿತವಾಗಿದೆ. ಪೆಟ್ಟಿನ ಅಂಜಿಕೆಯೂ ಬರುತ್ತದೆ, ಆದರೆ ಅದರ ಸರದಿ ಆಮೇಲೆ. ಎರಡಕ್ಕೂ ಮದ್ದು ಬೇರೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು "ಧೈರ್ಯ ತಗೊ, ಏನಾಗಲ್ಲ" ಅಂತ ಬೆನ್ನು ತಟ್ಟಿದರೆ ಯಾವುದಕ್ಕೂ ಉಪಯೋಗ ಆಗುವುದಿಲ್ಲ. ಹಾಗಾಗಿ ಇವತ್ತು ಕೈಕಾಲು ಆಡಿಸುವ ಮೊದಲು ಇದನ್ನೇ ಮಾತಾಡೋಣ ಅಂತ ಎಲ್ಲರನ್ನೂ ಕೂರಿಸಿದ್ದೇನೆ.

ನನ್ನ ಕಥೆಯನ್ನೂ ಹೇಳಬೇಕು. ಮೂವತ್ತೆರಡನೇ ವಯಸ್ಸಿನಲ್ಲಿ ಒಂದು ಕಡೆ ಸೇರಿದ್ದೆ. ಯಾವ ಊರು, ಯಾರು ಅನ್ನುವುದು ಬೇಡ. ಮೊದಲ ದಿನವೇ ಹೇಳಿಕೊಟ್ಟವರು ನನ್ನನ್ನು ಸಾಲಿನಿಂದ ಹೊರಗೆ ಕರೆದು, ಎಲ್ಲರ ಮುಂದೆ ಒಬ್ಬಳನ್ನೇ ನಿಲ್ಲಿಸಿ, ಎಡ ಬಲ ತಪ್ಪಿದಾಗಲೆಲ್ಲ ಮತ್ತೆ ಮಾಡಿಸಿದರು. ಹಿಂದೆ ಮಕ್ಕಳು ನಗುತ್ತಿದ್ದರು, ಅವರು ತಡೆಯಲಿಲ್ಲ. ನಾನು ಮಾರನೇ ದಿನ ಹೋಗಲಿಲ್ಲ. ಆಮೇಲೆ ಎರಡು ವರ್ಷ ಹೋಗಲಿಲ್ಲ. ಮಗಳನ್ನು ಇನ್ನೊಂದು ತರಗತಿಗೆ ಬಿಡಲು ಹೋದಾಗ ರಸ್ತೆಯ ಆಚೆ ಹಲಸಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು, ಕಿಟಕಿಯಲ್ಲಿ ಕಾಣುವಷ್ಟನ್ನು ನೋಡುತ್ತಾ ಕೂರುತ್ತಿದ್ದೆ. ಒಂದು ಸಂಜೆ ಅಲ್ಲಿನ ಗುರುಗಳು ಹೊರಗೆ ಬಂದರು. "ಮಳೆ ಬರೋ ಹಾಗಿದೆ, ಒಳಗೆ ಬಂದು ಹಿಂದಿನ ಸಾಲಲ್ಲಿ ನಿಲ್ಲಿ" ಅಂದರು. ಕಲಿಯಿರಿ ಅನ್ನಲಿಲ್ಲ, ನಿಲ್ಲಿ ಅಂದರು, ಅಷ್ಟೇ. ನಿಂತೆ. ಅದಕ್ಕೇ ಹೊಸಬರನ್ನು ಮೊದಲ ತಿಂಗಳು ಒಂಟಿಯಾಗಿ ಮುಂದೆ ನಿಲ್ಲಿಸುವುದಿಲ್ಲ ಅನ್ನುವುದು ನನ್ನ ತರಗತಿಯ ಕಟ್ಟುನಿಟ್ಟಿನ ನಿಯಮ.

ಕಣ್ಣಿನ ಅಂಜಿಕೆಯ ಬಗ್ಗೆ ಒಂದು ಪ್ರಯೋಗ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಮಾಡಿದ್ದು, 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹಾಕಿಕೊಳ್ಳಲು ಮುಜುಗರ ಆಗುವಂಥ ಟೀಶರ್ಟ್ ಒಂದನ್ನು, ಎದೆಯ ಮೇಲೆ ಒಬ್ಬ ಗಾಯಕನ ದೊಡ್ಡ ಮುಖ ಇರುವಂಥದ್ದನ್ನು, ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ, ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರು. ತೊಟ್ಟವರ ಊಹೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂತ. ನಿಜವಾಗಿ ಗಮನಿಸಿದ್ದವರು ಅದರ ಅರ್ಧ, ಅಂದರೆ ಕಾಲು ಭಾಗ. ನಮ್ಮ ತರಗತಿಯಲ್ಲಿ ಕಾಲು ಭಾಗವೂ ಇರಲಾರದು, ಯಾಕೆಂದರೆ ಪಕ್ಕದಲ್ಲಿ ನಿಂತವರಿಗೆ ತಮ್ಮ ಕಾಲು ಎಲ್ಲಿದೆ ಅಂತ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಮಳೆಗಾಲದಲ್ಲಿ ಇದು ನನಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಈ ಸಭಾಂಗಣದ ಮೇಲೆ ತಗಡಿನ ಶೀಟ್ ಇದೆ. ಆಷಾಢದಲ್ಲಿ ಮಳೆ ಹಿಡಿದರೆ ನಾನು ಎಣಿಸುವುದು ಮೂರನೇ ಸಾಲಿಗೆ ಕೇಳುವುದಿಲ್ಲ. ಆಗ ಎಲ್ಲರೂ ಮುಂದಿನವರ ಹಿಮ್ಮಡಿ ನೋಡಿಕೊಂಡು ಹೆಜ್ಜೆ ಹಾಕುತ್ತಾರೆ. ಮೇ ತಿಂಗಳಲ್ಲಿ ಮೈ ಹಿಡಿ ಮಾಡಿಕೊಂಡು ನಿಂತಿದ್ದವರು ಆ ಸದ್ದಿನಲ್ಲಿ ಸಡಿಲವಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತಮ್ಮನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ, ನೋಡುತ್ತಿಲ್ಲ ಅಂತ ಅವರಿಗೆ ಅನ್ನಿಸಿರುತ್ತದೆ. ಬೇಸಿಗೆಯಲ್ಲೂ ಯಾರೂ ನೋಡುತ್ತಿರಲಿಲ್ಲ.

ಇನ್ನು ಮೈಯೊಳಗೆ ಆಗುವ ಸಂಗತಿ. ಎದೆ ಡವಡವ, ಬಾಯಿ ಒಣಗುವುದು, ಅಂಗೈ ತಣ್ಣಗಾಗುವುದು, ಹೊಟ್ಟೆ ಕಲಸಿದ ಹಾಗೆ ಆಗುವುದು, ಇವು ಈಗ ನಿಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತಿವೆಯೋ ಗೊತ್ತಿಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ರಕ್ತ ಹೊಟ್ಟೆಯಿಂದ, ಚರ್ಮದಿಂದ ಸರಿದು ತೊಡೆ ತೋಳುಗಳ ದೊಡ್ಡ ಸ್ನಾಯುಗಳಿಗೆ ಹೋಗುತ್ತದೆ. ಓಡಲು, ಇಲ್ಲವೇ ಎದುರು ನಿಲ್ಲಲು ಮೈ ಸಿದ್ಧವಾಗುತ್ತದೆ. ಆದರೆ ನಾವು ಓಡುವುದೂ ಇಲ್ಲ, ಹೊಡೆದಾಡುವುದೂ ಇಲ್ಲ, ಸಾಲಿನಲ್ಲಿ ಸುಮ್ಮನೆ ನಿಂತಿರುತ್ತೇವೆ. ಆ ಶಕ್ತಿಗೆ ಹೋಗಲು ದಾರಿ ಇಲ್ಲದೆ ಕೈ ನಡುಗುತ್ತದೆ. ಬೆರಳಿನ ನಾಜೂಕು ಕೆಲಸ ಆಗ ಕೆಡುತ್ತದೆ, ಎಡ ಬಲ ಮರೆಯುತ್ತದೆ. ಮೊದಲ ದಿನ ಬೆಲ್ಟಿನ ಗಂಟು ಬರದೆ ಒದ್ದಾಡುವುದಕ್ಕೆ ಕಾರಣ ಇಷ್ಟೇ, ದಡ್ಡತನ ಅಂದುಕೊಳ್ಳಬೇಡಿ.

ಅದಕ್ಕೆ ಕೈಗೆ ಸಿಗುವ ಮೊದಲ ಉಪಾಯ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನ ಬಿಡಿ. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಗುಂಡಿಗೆಗೆ ಬ್ರೇಕ್ ಹಾಕುತ್ತದೆ, ಎಳೆದುಕೊಳ್ಳುವಾಗ ಬ್ರೇಕ್ ಸಡಿಲ ಆಗುತ್ತದೆ. ಬಿಡುವ ಹೊತ್ತು ಉದ್ದ ಆದಷ್ಟೂ ಬಡಿತ ಇಳಿಯುತ್ತದೆ. ಹತ್ತು ಸಲ ಸಾಕು. ಎರಡನೆಯದು, ಮೈಗೆ ಏನಾದರೂ ಕೆಲಸ ಕೊಡುವುದು. ಹತ್ತು ನಿಮಿಷ ಮುಂಚೆ ಬನ್ನಿ, ನೆಲ ಗುಡಿಸಿ, ಚಾಪೆ ಹಾಸಿ. ತಡವಾಗಿ ಬಂದು, ಎಲ್ಲರೂ ನಿಂತ ಮೇಲೆ ಬಾಗಿಲು ತೆರೆದರೆ ಎಲ್ಲ ಕಣ್ಣೂ ಒಂದೇ ಸಲ ತಿರುಗುತ್ತವೆ. ಅಂಜುವವರೇ ಹೆಚ್ಚಾಗಿ ತಡವಾಗಿ ಬರುವುದು. ಅವರಿಗೆ ನಾನು ಪೊರಕೆ ಕೊಡುತ್ತೇನೆ.

ಹೊಸ ಜಾಗದ ಅಂಜಿಕೆ ಏನು ಅಂತ ನಮ್ಮ ಊರಿನ ಹಳೆಯ ವಿದ್ಯೆಗಳಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಗರಡಿಮನೆಗಳನ್ನೇ ತೆಗೆದುಕೊಳ್ಳಿ. ಮಾರಿಕಾಂಬಾ ಜಾತ್ರೆಯ ಕುಸ್ತಿ ನೋಡಿದವರು ಇಲ್ಲಿ ಇರಬಹುದು. ಕೆಮ್ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಅಖಾಡಕ್ಕೆ ಇಳಿಯುವ ಪೈಲ್ವಾನ ಮೊದಲು ಆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ. ನಾವು ಇಲ್ಲಿ ಬಾಗಿಲಲ್ಲಿ ಬಗ್ಗಿ ನಮಸ್ಕಾರ ಮಾಡುತ್ತೇವೆ, ಜಪಾನಿನವರು ಅದನ್ನು 'ರೇ' ಅನ್ನುತ್ತಾರೆ. ಹೊರಗಿನ ಗಡಿಬಿಡಿಗೂ ಒಳಗಿನ ಕೆಲಸಕ್ಕೂ ನಡುವೆ ಅದೊಂದು ಹೊಸ್ತಿಲು. ಎಷ್ಟೇ ಅಂಜಿಕೊಂಡವರಿಗೂ ಬಗ್ಗಲು ಬರುತ್ತದೆ, ತಪ್ಪಾಗುವ ಕೆಲಸವೇ ಅದಲ್ಲ. ತರಗತಿ ಶುರುವಾಗುವುದೇ ನಿಮಗೆ ಬರುವ ಒಂದು ಕೆಲಸದಿಂದ.

ಯಕ್ಷಗಾನದಲ್ಲಿ ಇದು ಇನ್ನೂ ಜಾಣ್ಮೆಯಿಂದ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ವರ್ಷವೇ ಅರ್ಜುನನ ವೇಷ ಕಟ್ಟುವುದಿಲ್ಲ. ಪ್ರಸಂಗ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿ, ಆಮೇಲೆ ಬಾಲಗೋಪಾಲ. ಆ ಹೊತ್ತಿಗೆ ಜನ ಇನ್ನೂ ಊಟ ಮುಗಿಸಿಕೊಂಡು ಬರುತ್ತಾ ಇರುತ್ತಾರೆ, ಚಾಪೆ ಹಾಸುತ್ತಾ ಇರುತ್ತಾರೆ. ಹುಡುಗನ ಹೆಜ್ಜೆ ತಪ್ಪಿದರೂ ಯಾರೂ ಎಣಿಸುವುದಿಲ್ಲ, ರಂಗಸ್ಥಳ ಮಾತ್ರ ಅವನ ಕಾಲಿಗೆ ಪರಿಚಯ ಆಗುತ್ತಾ ಹೋಗುತ್ತದೆ. ಸಭಾಕಂಪ ಅನ್ನುವ ಒಳ್ಳೆಯ ಪದವೇ ನಮ್ಮಲ್ಲಿದೆ. ಅದನ್ನು ಕಳೆಯಲು ಹುಡುಗನಿಗೆ ಯಾರೂ ಭಾಷಣ ಬಿಗಿಯಲಿಲ್ಲ, ಖಾಲಿ ಸಭೆಯ ಮುಂದೆ ಕುಣಿಸಿದರು.

ಹೊಸಬರು ಕಟ್ಟುವ ಬಿಳಿ ಬೆಲ್ಟು ನಿಮ್ಮ ಪೂರ್ವರಂಗ. ಇದರ ಹಿಂದಿನ ಚರಿತ್ರೆ ಸ್ವಲ್ಪ ಹೇಳುತ್ತೇನೆ. ಬೆಲ್ಟು ನೋಡಿ ದರ್ಜೆ ತಿಳಿಯುವ ಈ ಪದ್ಧತಿ ಹುಟ್ಟಿದ್ದು ಜಪಾನಿನ ಕುಸ್ತಿಯಂಥ ವಿದ್ಯೆ ಜೂಡೋದಲ್ಲಿ. ಅದನ್ನು ಶುರು ಮಾಡಿದ ಕಾನೊ ಜಿಗೊರೊ ಚಿಕ್ಕ ಆಳು, ಹುಡುಗನಾಗಿದ್ದಾಗ ಶಾಲೆಯಲ್ಲಿ ಗಟ್ಟಿ ಹುಡುಗರ ಕೈಯಲ್ಲಿ ಪೆಟ್ಟು ತಿಂದವರು. 1882ರಲ್ಲಿ ಟೋಕಿಯೊದ ಏಶೋಜಿ ದೇವಸ್ಥಾನದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆ ತೆರೆದಾಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಕರಾಟೆಯ ತವರಾದ ಓಕಿನಾವಾ ದ್ವೀಪದ ಶುರಿಯಲ್ಲಿ 1868ರಲ್ಲಿ ಹುಟ್ಟಿದ ಫುನಾಕೊಶಿ ಗಿಚಿನ್ ಶಾಲಾ ಮೇಷ್ಟ್ರು, ಎಳವೆಯಲ್ಲಿ ಬಲಹೀನ ಮಗು. 1922ರಲ್ಲಿ ಅವರು ಟೋಕಿಯೊಗೆ ಹೋಗಿ ಕರಾಟೆ ತೋರಿಸಿದಾಗ ವಯಸ್ಸು ಐವತ್ತು ದಾಟಿತ್ತು. ಆಮೇಲೆ ಕಾನೊ ಅವರ ಬಿಳಿ ಉಡುಪು, ದರ್ಜೆ, ಬೆಲ್ಟು ಎಲ್ಲವನ್ನೂ ಕರಾಟೆಗೆ ತಂದರು. ವಯಸ್ಸಿನ ಬಗ್ಗೆ ಫೋನಿನಲ್ಲಿ ಕೇಳಿದವರಿಗೆ ನನ್ನ ಉತ್ತರದ ಒಂದು ಭಾಗ ಇದು. ಇನ್ನೊಂದು ಭಾಗ, ನಿಮ್ಮ ಎಡಗಡೆ ಕೂತಿರುವ ಅಜ್ಜಿಗೆ ಅರವತ್ತೊಂದು.

ಬೆಲ್ಟು ಕಟ್ಟುವುದನ್ನು ಮನೆಯಲ್ಲಿ ಕಲಿತು ಬನ್ನಿ, ಕೈ ನಡುಗುವಾಗ ಕಲಿಯುವುದು ಬೇಡ. ನಡುಭಾಗವನ್ನು ಹೊಕ್ಕುಳ ಕೆಳಗೆ ಇಡಿ. ಎರಡೂ ತುದಿ ಬೆನ್ನ ಹಿಂದೆ ದಾಟಿಸಿ ಮುಂದಕ್ಕೆ ತನ್ನಿ. ಮೇಲೆ ಬಂದ ತುದಿಯನ್ನು ಎರಡೂ ಸುತ್ತಿನ ಅಡಿಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ, ಕೊನೆಗೆ ಒಂದು ಗಂಟು, ತುದಿಗಳು ಸಮ. ಹತ್ತು ಸಲ ಕಟ್ಟಿ ಬಿಚ್ಚಿದರೆ ಬೆರಳಿಗೇ ನೆನಪಿರುತ್ತದೆ. ಎಣಿಕೆಯೂ ಹಾಗೆ. ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಾಚಿ, ಕ್ಯು, ಜು. ಹತ್ತೇ ಪದ. ಅಡುಗೆ ಮಾಡುತ್ತಾ ಹೇಳಿಕೊಳ್ಳಿ. ಗೊತ್ತಿರುವ ಪದ ಕಿವಿಗೆ ಬಿದ್ದರೆ ಅಪರಿಚಿತ ಜಾಗವೂ ಸ್ವಲ್ಪ ನಮ್ಮದಾಗುತ್ತದೆ. ಕರಾಟೆಯ ಉಡುಪು ತೆಗೆದುಕೊಳ್ಳಲು ಇನ್ನೂ ಅವಸರ ಇಲ್ಲ, ಸಡಿಲ ಪ್ಯಾಂಟು ಸಾಕು. ತೆಗೆದುಕೊಂಡ ಮೇಲೂ ನಮ್ಮ ಮಳೆಗಾಲದಲ್ಲಿ ಆ ದಪ್ಪ ಬಟ್ಟೆ ಒಣಗುವುದಿಲ್ಲ, ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಬೇಕು. ಜುಲೈನಲ್ಲಿ ನಮ್ಮ ತರಗತಿಗೆಲ್ಲ ಹೊಗೆಯ ವಾಸನೆ. ಯಾರೂ ಮೂಗು ಮುರಿಯುವುದಿಲ್ಲ, ಎಲ್ಲರ ಮನೆಯದೂ ಅದೇ ಹೊಗೆ.

ಹೆಂಗಸರಿಗೆ ಒಂದು ಮಾತು. ಬಳೆ, ಉಂಗುರ, ಸರ ತೆಗೆದಿಟ್ಟು ಬರಬೇಕು. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು, ಮನೆಯಲ್ಲಿ ಒಪ್ಪದವರು, ಮೇಲೆ ಅಂಟುಪಟ್ಟಿ ಸುತ್ತಿ. ಇದೊಂದು ಕಾರಣಕ್ಕೆ ಬರದೆ ಉಳಿದವರು ನನಗೆ ಗೊತ್ತು. ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ವಿಷಯ, ಕೇಳುವುದೇ ಕಷ್ಟವಾಗಿತ್ತು.

ಕೂಗಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಗುದ್ದುವಾಗ ಹೊಟ್ಟೆಯಿಂದ ಉಸಿರನ್ನು ದನಿಯ ಜೊತೆ ಹೊರಗೆ ತಳ್ಳುತ್ತೇವೆ, ಅದಕ್ಕೆ 'ಕಿಯಾಯ್' ಅನ್ನುತ್ತಾರೆ. ಹೊಸಬರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಗುದ್ದು ಬಂದರೂ ದನಿ ಬರುವುದಿಲ್ಲ. ಮೆಲ್ಲಗೆ ಮಾತಾಡು, ಬಾಯಿ ಮುಚ್ಚಿ ನಗು ಅಂತ ಕೇಳಿಕೊಂಡೇ ಬೆಳೆದಿರುತ್ತೇವೆ. ನಾಲ್ಕು ವರ್ಷದ ಹಿಂದೆ ಹೊಸನಗರದ ಕಡೆಯ ಒಬ್ಬರು ತಂಡದಲ್ಲಿದ್ದರು, ಅಡಿಕೆ ತೋಟದ ಮನೆಯವರು. ಒಂದು ತಿಂಗಳಾದರೂ ಅವರ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. "ನನ್ನ ಕೈಲಿ ಆಗದಿಲ್ಲ ಮೇಡಂ, ನಾಚಿಕೆ ಆಗ್ತದೆ" ಅಂದರು. ತೋಟಕ್ಕೆ ಮಂಗ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಕೂ ಹಾಕ್ತೀವಿ." ಹೇಗೆ? ಅವರು ಆಚೆ ಈಚೆ ನೋಡಿದರು. ಆಮೇಲೆ ಕಾಲು ಅಗಲಿಸಿ ನಿಂತು, ಹೊಟ್ಟೆ ಒಳಗೆಳೆದು, ಕಣಿವೆಯ ಆಚೆ ದಡಕ್ಕೆ ಕೇಳುವ ಹಾಗೆ ಒಂದು ಕೂ ಹಾಕಿದರು. ಇಲ್ಲಿದ್ದ ಮಕ್ಕಳೆಲ್ಲ ಗಕ್ಕನೆ ನಿಂತುಬಿಟ್ಟರು. ಹೊರಗೆ ಬೈಕಿನಲ್ಲಿ ಕೂತಿದ್ದ ಅವರ ಯಜಮಾನರು ಎದ್ದು ಬಾಗಿಲಿಗೆ ಬಂದರು. ನಾನು ಹೇಳಿದ್ದು ಒಂದೇ ಮಾತು, ಇದನ್ನೇ ಅರ್ಧ ಸೆಕೆಂಡಿಗೆ ಕತ್ತರಿಸಿ ಗುದ್ದಿನ ಕೊನೆಗೆ ಇಡಿ ಅಂತ. ಅವರ ಹತ್ತಿರ ಆ ದನಿ ಮೊದಲಿಂದಲೂ ಇತ್ತು. ಅದನ್ನು ನಾಲ್ಕು ಜನರ ನಡುವೆ ಹೊರಡಿಸಬಹುದು ಅಂತ ಗೊತ್ತಿರಲಿಲ್ಲ. ಅವತ್ತು ಅವರು ಅತ್ತರು, ಸಂತೋಷಕ್ಕೋ ಸಂಕಟಕ್ಕೋ ಕೇಳಲಿಲ್ಲ. ಅವರೂ ನಾನೂ ತುಂಬಾ ಹೊತ್ತು ಆ ಕಟ್ಟೆಯ ಮೇಲೆ ಕೂತಿದ್ದೆವು.

ಈಗ ಪೆಟ್ಟಿನ ಅಂಜಿಕೆ. ಇದಕ್ಕೆ ನಾವು ಮೊದಲು ಬೀಳುವುದನ್ನು ಕಲಿಸುತ್ತೇವೆ, ಜೂಡೋದಿಂದ ತಂದ 'ಉಕೆಮಿ'. ಮೊದಲ ವಾರ ಕೂತಲ್ಲಿಂದ, ಆಮೇಲೆ ಕುಕ್ಕರುಗಾಲಿನಿಂದ, ತಿಂಗಳು ಕಳೆದ ಮೇಲೆ ನಿಂತಲ್ಲಿಂದ. ಗದ್ದ ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲೆ ಇಡಿ, ಆಗ ತಲೆಯ ಹಿಂಭಾಗ ನೆಲಕ್ಕೆ ತಾಗುವುದಿಲ್ಲ. ಬೆನ್ನು ದೋಣಿಯ ತಳದ ಹಾಗೆ ಬಾಗಿರಲಿ. ಬೆನ್ನು ಚಾಪೆ ಮುಟ್ಟುವ ಹೊತ್ತಿಗೇ ಎರಡೂ ತೋಳು ಚಾಚಿ, ಅಂಗೈ ಕೆಳಗೆ ಮಾಡಿ, ಚಾಪೆಗೆ ಬಡಿಯಿರಿ. ಬಿದ್ದ ಬಿರುಸು ಒಂದೇ ಕಡೆ ಕೂರದೆ ಅಗಲಕ್ಕೆ ಹರಡಿಹೋಗುತ್ತದೆ. ಬಡಿಯುವಾಗ ಉಸಿರು ಬಿಡಿ. ದೊಡ್ಡವರಿಗೆ ಇದು ಮಕ್ಕಳಿಗಿಂತ ಕಷ್ಟ. ಬಿದ್ದು ವರ್ಷಗಳೇ ಆಗಿರುತ್ತವೆ, ಹಿಂದಕ್ಕೆ ಮೈ ಬಿಡುವುದಕ್ಕೆ ಮೈಯೇ ಒಪ್ಪುವುದಿಲ್ಲ. ಅವಸರ ಮಾಡಬೇಡಿ. ಕೂತಲ್ಲಿಂದ ಬೀಳುವುದನ್ನೇ ಎರಡು ತಿಂಗಳು ಮಾಡಿದವರೂ ಇದ್ದಾರೆ.

ಎದುರಾಳಿಯ ಜೊತೆಗಿನ ಮೊದಲ ಅಭ್ಯಾಸಕ್ಕೆ 'ಇಪ್ಪೊನ್ ಕುಮಿತೆ' ಅನ್ನುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ಅಂಜುವವರಿಗಾಗಿಯೇ ಮಾಡಿದ ಹಾಗಿದೆ ಅದು. ಎದುರಿನವರು ಎಲ್ಲಿಗೆ ಗುದ್ದುತ್ತೇನೆ ಅಂತ ಮೊದಲೇ ಕೂಗಿ ಹೇಳಬೇಕು. 'ಜೋದಾನ್' ಅಂದರೆ ಮುಖದ ಎತ್ತರಕ್ಕೆ, 'ಚುದಾನ್' ಅಂದರೆ ಹೊಟ್ಟೆಯ ಎತ್ತರಕ್ಕೆ. ಒಂದೇ ಗುದ್ದು. ನೀವು ತಡೆಯುತ್ತೀರಿ, ತಿರುಗಿ ಒಂದು ಕೊಟ್ಟಂತೆ ಮಾಡಿ ಮೈಗೆ ತಾಗುವ ಮುಂಚೆ ನಿಲ್ಲಿಸುತ್ತೀರಿ. ಯಾವ ಕೈ, ಎಷ್ಟು ದೂರ, ಎಲ್ಲಿಗೆ, ಎಲ್ಲ ಗೊತ್ತಿದೆ. ಗೊತ್ತಿಲ್ಲದ್ದನ್ನು ತಿಂಗಳಿಗೆ ಒಂದೊಂದಾಗಿ ಸೇರಿಸುತ್ತಾ ಹೋಗುತ್ತೇವೆ. ಆದರೂ ಮೊದಲ ಗುದ್ದಿಗೆ ಕಣ್ಣು ಮುಚ್ಚಿಹೋಗುತ್ತದೆ. ಮುಚ್ಚಲಿ, ಕಣ್ಣನ್ನು ಕಾಪಾಡಲು ಮೈ ಮಾಡುವ ಕೆಲಸ ಅದು, ನಿಮ್ಮನ್ನು ಕೇಳಿ ಮಾಡುವುದಿಲ್ಲ. ನೂರಾರು ಸಲ ಗುದ್ದು ಬಂದು ಏನೂ ಆಗದೆ ಹೋದ ಮೇಲೆ ರೆಪ್ಪೆ ತಾನಾಗಿ ತಡೆಯುತ್ತದೆ.

'ಯಮೆ' ಅಂದರೆ ನಿಲ್ಲಿಸು. ಇಲ್ಲಿ ಆ ಪದ ನನ್ನೊಬ್ಬಳದಲ್ಲ. ಆರು ವರ್ಷದ ಮಗು ಹೇಳಿದರೂ ಎದುರಿನವರು ನಿಲ್ಲಿಸಬೇಕು. ಬಾಯಿಗೆ ಬರದಿದ್ದರೆ ಕೈಯಿಂದ ಎರಡು ಸಲ ತಟ್ಟಿ.

ಎಲ್ಲ ಅಂಜಿಕೆಯನ್ನೂ ನುಂಗಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಹುಟ್ಟಿ ಅರ್ಧ ಗಂಟೆಯಲ್ಲಿ ಕರಗುವ ಅಂಜಿಕೆ ಒಂದು. ವಾರದಿಂದ ವಾರಕ್ಕೆ ಬೆಳೆಯುತ್ತಾ, ಒಬ್ಬರನ್ನು ನೆನೆದೊಡನೆ ಹೊಟ್ಟೆ ಹಿಂಡುವ ಅಂಜಿಕೆ ಇನ್ನೊಂದು. ಕಲಿಸುವವರು ಅವಮಾನ ಮಾಡಿದರೆ, ನೋವಾಗುತ್ತದೆ ಅಂದರೂ ನಿಲ್ಲಿಸದಿದ್ದರೆ, ಕೇಳದೆ ಮೈ ಮುಟ್ಟಿ ಭಂಗಿ ತಿದ್ದಿದರೆ, ತಂದೆತಾಯಿ ನೋಡಲು ಬರಬಾರದು ಅಂದರೆ, ಆ ಜಾಗ ಬಿಟ್ಟುಬಿಡಿ. ಅಲ್ಲಿ ಅಂಜಿಕೆ ಸರಿಯಾದದ್ದನ್ನೇ ಹೇಳುತ್ತಿರುತ್ತದೆ. ಈ ಮಾತು ನನ್ನ ತರಗತಿಗೂ ಅನ್ವಯಿಸುತ್ತದೆ.

ತಂದೆತಾಯಂದಿರೇ, ಮಗು ಅಂಜಿಕೆ ಆಗುತ್ತದೆ ಅಂದಾಗ ದಯವಿಟ್ಟು "ಹೆದರಬೇಡ" ಅನ್ನಬೇಡಿ. ಯಾವುದಕ್ಕೆ ಅಂತ ಕೇಳಿ. ಹೋದ ವರ್ಷ ಒಂಬತ್ತು ವರ್ಷದ ಹುಡುಗ ನಾಲ್ಕು ತರಗತಿ ಆ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪ ದಿನಾ ಬೈದು ಒಳಗೆ ದೂಡುತ್ತಿದ್ದರು. ಐದನೇ ದಿನ ನಾನು ಅವನ ಪಕ್ಕ ಕೂತು ಕೇಳಿದೆ. ಅವನ ಕಾಲಿನ ಹೆಬ್ಬೆರಳ ಉಗುರು ಒಡೆದು ಕಪ್ಪಾಗಿತ್ತು, ಬರಿಗಾಲಲ್ಲಿ ನಿಂತರೆ ಎಲ್ಲರಿಗೂ ಕಾಣುತ್ತದೆ ಅನ್ನುವುದು ಅವನ ಸಂಕಟ. ಅದೇ ಅಂಟುಪಟ್ಟಿ ಅವನ ಬೆರಳಿಗೂ ಸುತ್ತಿದೆವು. ಅಪ್ಪನಿಗೆ ಕಾಣದ್ದು ನನಗೆ ಕಂಡಿತು ಅಂತ ಇದನ್ನು ಹೇಳುತ್ತಿಲ್ಲ. ನಾಲ್ಕು ದಿನ ನಾನೂ ಅವನನ್ನು ಕೇಳಿರಲಿಲ್ಲ, ಆ ನಾಲ್ಕು ದಿನ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮಾತು ಸಾಕು, ಹೊರಗೆ ಮೋಡ ಕಟ್ಟುತ್ತಿದೆ. ನೋಡಲು ಮಾತ್ರ ಬಂದವರು ಆ ಗೋಡೆಯ ಪಕ್ಕ ಇರುವ ಬೆಂಚಿನ ಮೇಲೆ ಕೂರಬಹುದು, ಯಾರೂ ಬಲವಂತ ಮಾಡುವುದಿಲ್ಲ. ಉಳಿದವರು ಎದ್ದು, ಬಾಗಿಲ ತನಕ ಹೋಗಿ, ಇನ್ನೊಮ್ಮೆ ಒಳಗೆ ಬನ್ನಿ, ಈ ಸಲ ಬಗ್ಗಿ. ಹಿಂದಿನ ಸಾಲಿನಿಂದ ತುಂಬಿಸೋಣ. ಮುಂದಿನ ಸಾಲಿನಲ್ಲಿ ಹಳಬರು ನಿಲ್ಲುತ್ತಾರೆ, ಅವರ ಹಿಮ್ಮಡಿ ನೋಡಿಕೊಳ್ಳಿ.